ಬುಡವನ್ನೇ ಕಡಿದ ವಂಶವೃಕ್ಷ



ಋಷಿಮೂಲ, ನದೀಮೂಲಗಳನ್ನು ಹುಡುಕಬಾರದು ಎಂಬುದು ನಮ್ಮ ಹಿರಿಯರ ಮಾತು. ಕೆಲವರು ಅದಕ್ಕೆ ಸ್ತ್ರೀಮೂಲವೆಂಬ ಮೂರನೆಯದನ್ನೂ ಸೇರಿಸಿ ಹೇಳುವುದುಂಟು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸಿದ ನಾನು ಈ ಗಾದೆಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಇಂದು ಅದನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಮೂಲವನ್ನು ಹುಡುಕಬೇಕು, ಹುಡುಕಿದ ಮೇಲೆ ಸಿಕ್ಕಿದ್ದನ್ನು ಬಚ್ಚಿಡಬಾರದು. ಇಷ್ಟೇ ನನ್ನ ವಾದ. ಈ ವಾದಕ್ಕೆ ನನ್ನನ್ನು ತಂದು ನಿಲ್ಲಿಸಿದ್ದು ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯ ಚರ್ಚಿನ ದಾಖಲೆ ಪುಸ್ತಕ ಮತ್ತು ಅದರಲ್ಲಿ ಮೂರೇ ಮೂರು ಕಡೆ ಕಾಣಿಸಿಕೊಳ್ಳುವ ಒಬ್ಬ ಬಡ ಹೆಂಗಸು.

2023ರ ಬೇಸಿಗೆಯಲ್ಲಿ ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿನ ಶ್ರಾಪ್‌ಶೈರ್ ಕೌಂಟಿಗೆ ಹೋಗಿ ಐದು ತಿಂಗಳು ಇದ್ದು ಬಂದದ್ದು ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಮಗಳ ನೆರೆಮನೆಯಲ್ಲಿ ಎಪ್ಪತ್ತೈದು ದಾಟಿದ ಒಬ್ಬ ಮಹಿಳೆ ಇದ್ದರು. ಅವರ ಪೂರ್ವಜರು ಅದೇ ಕೌಂಟಿಯ ಒಂದು ಪುಟ್ಟ ಪ್ಯಾರಿಷಿನವರು. ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಒಳಪಟ್ಟ ಊರು ಅಥವಾ ಊರುಗಳು. ಹಿಂದಿನ ಕಾಲದಲ್ಲಿ ಪೂಜೆ ಪ್ರಾರ್ಥನೆಗಳಷ್ಟೇ ಅಲ್ಲದೆ ರಸ್ತೆ ದುರಸ್ತಿ, ಬಡವರ ಪೋಷಣೆಗಳೂ ಅದರ ಹೊಣೆಯಾಗಿದ್ದವು. ಆ ಊರಿನ ಹೆಸರನ್ನಾಗಲಿ ಆ ಮನೆತನದ ಹೆಸರನ್ನಾಗಲಿ ನಾನಿಲ್ಲಿ ಬರೆಯುವುದಿಲ್ಲ. ನಾನು ಇತಿಹಾಸದ ಮೇಷ್ಟರಾಗಿದ್ದೆನೆಂದು ತಿಳಿದ ಆಕೆ, ಕೌಂಟಿಯ ದಾಖಲೆಗಳ ಕಚೇರಿಯಿಂದ ತಂದ ಹಳೆಯ ಪುಟಗಳ ಪ್ರತಿಗಳನ್ನು ಹಿಡಿದು ಬಂದರು. ಮಗು ಮಲಗಿದ ಮಧ್ಯಾಹ್ನಗಳಲ್ಲಿ ಅಡುಗೆಮನೆಯ ಮೇಜಿನ ಮೇಲೆ ಭೂತಗನ್ನಡಿ ಇಟ್ಟುಕೊಂಡು ನಾವಿಬ್ಬರೂ ಆ ಅಕ್ಷರಗಳನ್ನು ಬಿಡಿಸಿದೆವು.

ಮೊದಲು ನಮ್ಮವರಲ್ಲಿರುವ ಒಂದು ಭ್ರಮೆಯನ್ನು ಕಳೆಯಬೇಕು. "ಇಂಗ್ಲಿಷರನ್ನು ನೋಡಿ, ಅವರಿಗೆ ಇತಿಹಾಸಪ್ರಜ್ಞೆ ಇತ್ತು, ಪ್ರತಿಯೊಬ್ಬ ರೈತನ ಹುಟ್ಟು ಸಾವನ್ನೂ ಬರೆದಿಟ್ಟರು, ನಮಗೆ ಅಂಥದ್ದೊಂದು ಬುದ್ಧಿ ಇರಲಿಲ್ಲ" ಎಂದು ನನ್ನ ಶಿಷ್ಯನೊಬ್ಬ ಪತ್ರ ಬರೆದಿದ್ದ. ಬರೆದಿಟ್ಟದ್ದು ನಿಜ. ಏತಕ್ಕೆ ಬರೆದಿಟ್ಟರೆಂಬುದನ್ನು ನೋಡೋಣ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್ 1538ರಲ್ಲಿ ಒಂದು ಆಜ್ಞೆ ಹೊರಡಿಸಿದ. ಪ್ರತಿಯೊಂದು ಪ್ಯಾರಿಷಿನಲ್ಲಿ ಒಂದು ಪುಸ್ತಕವಿರಬೇಕು, ಪಾದ್ರಿಯು ಪ್ರತಿ ಭಾನುವಾರ ಆ ವಾರದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಅದರಲ್ಲಿ ಬರೆಯಬೇಕು, ಎರಡು ಬೀಗಗಳ ಪೆಟ್ಟಿಗೆಯಲ್ಲಿ ಅದನ್ನು ಇಡಬೇಕು, ತಪ್ಪಿದರೆ ದಂಡ. ಇದು ಹೊಸ ತೆರಿಗೆಯ ಪೀಠಿಕೆಯೆಂದು ಜನ ಆಗಲೇ ಹೆದರಿದ್ದರು. ಆ ಹೆದರಿಕೆ ತಡವಾಗಿಯಾದರೂ ನಿಜವಾಯಿತು. 1690ರ ದಶಕದಲ್ಲಿ ಫ್ರಾನ್ಸಿನ ಮೇಲಿನ ಯುದ್ಧದ ಖರ್ಚಿಗೆಂದು ಹುಟ್ಟು, ಮದುವೆ, ಸಾವುಗಳ ಮೇಲೆ ತೆರಿಗೆ ಬಿತ್ತು. 1783ರಿಂದ 1794ರವರೆಗೆ ಪುಸ್ತಕದಲ್ಲಿ ಬರೆಯುವ ಒಂದೊಂದು ನಮೂದಿಗೂ ಮೂರು ಪೆನ್ಸ್ ವಸೂಲಾಯಿತು. ಹೆಣವನ್ನು ಉಣ್ಣೆಯ ಬಟ್ಟೆಯಲ್ಲಿಯೇ ಹೂಳಬೇಕೆಂದು 1660 ಮತ್ತು 1670ರ ದಶಕಗಳಲ್ಲಿ ಬಂದ ಕಾನೂನುಗಳ ಉದ್ದೇಶ ಉಣ್ಣೆ ವ್ಯಾಪಾರಕ್ಕೆ ಬೆಂಬಲ ನೀಡುವುದು. ಹಾಗೆಯೇ ಹೂಳಲಾಯಿತೆಂಬ ಪ್ರಮಾಣಪತ್ರವನ್ನೂ ಪಾದ್ರಿಯೇ ದಾಖಲಿಸಿಕೊಳ್ಳಬೇಕಿತ್ತು. ಸರ್ಕಾರದ ಲೆಕ್ಕ, ಚರ್ಚಿನ ಲೆಕ್ಕ, ವ್ಯಾಪಾರದ ಲೆಕ್ಕ. ಇಂದು ನಮಗೆ ಇತಿಹಾಸವಾಗಿ ಕಾಣುವುದು ಅಂದು ಹೀಗೆ ಲೆಕ್ಕವಾಗಿತ್ತು.

"ಒಂದೇ ಊರಿನಲ್ಲಿ ಐನೂರು ವರ್ಷ ಬಾಳಿದ ಮನೆತನಗಳು" ಎಂಬುದು ಇನ್ನೊಂದು ಭ್ರಮೆ. ನಾಟಿಂಗ್‌ಹ್ಯಾಮ್‌ಶೈರಿನ ಕ್ಲೇವರ್ತ್ ಎಂಬ ಹಳ್ಳಿಯ ಪಾದ್ರಿ ವಿಲಿಯಂ ಸ್ಯಾಂಪ್ಸನ್ ಎಂಬಾತ 1676ರಲ್ಲಿ ಒಮ್ಮೆ, 1688ರಲ್ಲಿ ಮತ್ತೊಮ್ಮೆ ತನ್ನ ಊರಿನ ಜನರನ್ನೆಲ್ಲ ಮನೆಮನೆಯಾಗಿ ಪಟ್ಟಿ ಮಾಡಿದ. ಚರಿತ್ರಕಾರ ಪೀಟರ್ ಲ್ಯಾಸ್ಲೆಟ್ ಈ ಎರಡು ಪಟ್ಟಿಗಳನ್ನು ಹೋಲಿಸಿ ನೋಡಿದಾಗ, ಹನ್ನೆರಡು ವರ್ಷಗಳಲ್ಲಿ ಮೊದಲ ಪಟ್ಟಿಯ ಐದರಲ್ಲಿ ಮೂರು ಪಾಲು ಜನ ಆ ಊರಿನಲ್ಲಿ ಇರಲೇ ಇಲ್ಲ. ಕೆಲವರು ಸತ್ತಿದ್ದರು, ಹೆಚ್ಚಿನವರು ಊರು ಬಿಟ್ಟಿದ್ದರು. ಆಳುಮಕ್ಕಳು ವರ್ಷಕ್ಕೊಬ್ಬ ಯಜಮಾನನ ಮನೆಗೆ ಸಂಬಳಕ್ಕೆ ಹೋಗುವ ಆ ಸಮಾಜದಲ್ಲಿ ಬಡವನಿಗೆ ಸ್ಥಿರವಾದ ಊರೆಂಬುದು ಸುಲಭವಾಗಿ ಸಿಗುತ್ತಿರಲಿಲ್ಲ. ಆದ್ದರಿಂದ ಒಂದೇ ಹೆಸರು ಒಂದೇ ಪುಸ್ತಕದಲ್ಲಿ ಎರಡು ಕಡೆ ಬಂದರೆ ಅವರಿಬ್ಬರೂ ಒಬ್ಬರೇ ಎಂದು ತೀರ್ಮಾನಿಸಲಾಗದು. ಕಂಪ್ಯೂಟರಿನಲ್ಲಿ ಹೆಸರು ಒತ್ತಿ, ಸಿಕ್ಕ ಮೊದಲ ಹೆಸರನ್ನು ಮುತ್ತಜ್ಜನೆಂದು ಸ್ವೀಕರಿಸುವವರು ಈ ಎಚ್ಚರವನ್ನು ಗಾಳಿಗೆ ತೂರುತ್ತಾರೆ.

ಇನ್ನು ನಮ್ಮ ಹೆಂಗಸಿನ ಕಥೆಗೆ ಬರುತ್ತೇನೆ. ಅವಳು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಒಬ್ಬ ರೈತನ ಮನೆಯಲ್ಲಿ ಕೆಲಸಕ್ಕಿದ್ದವಳು. ಪುಸ್ತಕದಲ್ಲಿ ಅವಳ ಮಗುವಿನ ದೀಕ್ಷಾಸ್ನಾನದ ನಮೂದು ಇದೆ. ತಂದೆಯ ಹೆಸರಿನ ಜಾಗದಲ್ಲಿ ಏನೂ ಇಲ್ಲ. ಮಗುವಿನ ಹೆಸರಿನ ಪಕ್ಕದಲ್ಲಿ ಪಾದ್ರಿ ಬಳಸಿದ ಪದವನ್ನು ನಮ್ಮ ಭಾಷೆಗೆ ತಂದರೆ ಬೈಗುಳವೇ ಆಗುತ್ತದೆ, ಆದ್ದರಿಂದ ತರುವುದಿಲ್ಲ. ಅಂಚಿನಲ್ಲಿ 'ಪಿ' ಎಂಬ ಒಂಟಿ ಅಕ್ಷರವಿದೆ. ಮೂರು ಪೆನ್ಸ್ ತೆರಿಗೆಯಿಂದ ನಿರ್ಗತಿಕರಿಗೆ ವಿನಾಯಿತಿ ಇತ್ತು. ನಿರ್ಗತಿಕಳೆಂದು ಸೂಚಿಸುವ ಗುರುತು ಅದು. 1697ರ ಕಾನೂನಿನಂತೆ ಪ್ಯಾರಿಷಿನ ನೆರವು ಪಡೆಯುವವರು ಇದೇ ಅಕ್ಷರವನ್ನು ಬಟ್ಟೆಯ ಮೇಲೆ, ಬಲ ಹೆಗಲಿನಲ್ಲಿ ಹೊಲಿದುಕೊಳ್ಳಬೇಕಿತ್ತು. ಆ ಕಾನೂನು ರದ್ದಾದದ್ದು 1810ರಲ್ಲಿ.

ಎರಡನೆಯ ಸಲ ಅವಳು ಸಿಕ್ಕಿದ್ದು ಬಡವರ ಮೇಲ್ವಿಚಾರಕರ ಖರ್ಚಿನ ಪುಸ್ತಕದಲ್ಲಿ. 1601ರ ಕಾನೂನಿನ ಪ್ರಕಾರ ಪ್ರತಿ ಪ್ಯಾರಿಷಿನಲ್ಲಿ ಇಂಥ ಮೇಲ್ವಿಚಾರಕರು ನೇಮಕವಾಗಿ, ಭೂಮಿ ಉಳ್ಳವರಿಂದ ತೆರಿಗೆ ಎತ್ತಿ ಬಡವರಿಗೆ ಹಂಚುತ್ತಿದ್ದರು. ಸೂಲಗಿತ್ತಿಗೆ ಕೊಟ್ಟದ್ದು ಎರಡೂವರೆ ಷಿಲಿಂಗ್. ಹೆರಿಗೆಯ ದಿನಗಳಲ್ಲಿ ನೋಡಿಕೊಂಡವಳಿಗೆ ಇಷ್ಟು. ಮಗುವಿಗೆ ಬಟ್ಟೆ. ಕೆಲವು ವರ್ಷಗಳ ನಂತರ ಒಂದು ಜೊತೆ ಪಾದರಕ್ಷೆ. ಒಳಕೋಣೆಯಲ್ಲಿ ಮಗಳು ತನ್ನ ಹಸುಗೂಸಿನೊಂದಿಗೆ ಮಲಗಿದ್ದಾಗ, ಖಾರದ ಪುಡಿ, ಶುಂಠಿ, ಮೆಂತ್ಯದ ವಾಸನೆಯ ಆ ಅಡುಗೆಮನೆಯಲ್ಲಿ ಕುಳಿತು ಇನ್ನೂರು ವರ್ಷಗಳಿಗೂ ಹಿಂದಿನ ಒಂದು ಬಾಣಂತನದ ಲೆಕ್ಕವನ್ನು ನಾನು ಓದಿದೆ. ನನ್ನ ಕಣ್ಣು ತುಂಬಿ ಬಂತೆಂದು ಹೇಳಲು ನಾಚಿಕೆಯಿಲ್ಲ.

ಮೂರನೆಯದು ಅವಳ ಮದುವೆಯ ನಮೂದು. 1753ರ ವಿವಾಹ ಕಾನೂನು 1754ರ ಮಾರ್ಚಿನಿಂದ ಜಾರಿಗೆ ಬಂದ ಮೇಲೆ ವಧೂವರರು ಪುಸ್ತಕದಲ್ಲಿ ಸಹಿ ಹಾಕುವುದು ಕಡ್ಡಾಯವಾಯಿತು. ಬಾರದವರು ಗುರುತು ಹಾಕುತ್ತಿದ್ದರು. ಮಗು ಹುಟ್ಟಿ ಏಳೆಂಟು ವರ್ಷಗಳ ಮೇಲೆ ಬೇರೊಬ್ಬನನ್ನು ಮದುವೆಯಾದ ಆಕೆ ತನ್ನ ಹೆಸರಿನ ಮುಂದೆ ಗುಣಾಕಾರದ ಚಿಹ್ನೆಯಂಥ ಒಂದು ಗುರುತು ಹಾಕಿದ್ದಾಳೆ. ಒಂದು ಗೆರೆ ನೇರವಾಗಿದೆ, ಇನ್ನೊಂದು ನಡುಗಿದೆ. ಅವಳ ಕೈಯಿಂದ ಈ ಲೋಕದಲ್ಲಿ ಉಳಿದಿರುವುದು ಅದೊಂದೇ.

ಮುಖ್ಯವಾದ ಸಂಗತಿಯೊಂದಿದೆ. ತಂದೆಯ ಹೆಸರಿಲ್ಲದ ಆ ಮಗು ತಾಯಿಯ ಕುಲನಾಮವನ್ನೇ ಪಡೆಯಿತು. ನೆರೆಮನೆಯ ಮಹಿಳೆ ಆ ಮಗುವಿನ ಸಂತತಿ. ಅಂದರೆ ಇಂದು ಆ ಹೆಸರನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಆ ಇಡೀ ಕುಟುಂಬಕ್ಕೆ ಆ ಹೆಸರನ್ನು ಕೊಟ್ಟವಳು ಅವಳೇ.

2024ರಲ್ಲಿ ಆ ಕುಟುಂಬದವರೆಲ್ಲ ಒಂದೆಡೆ ಸೇರಿದರು. ಅವರ ಸೋದರಸಂಬಂಧಿಯೊಬ್ಬರು ಮನೆತನದ ಚರಿತ್ರೆಯ ಪುಸ್ತಿಕೆಯನ್ನು ಮುದ್ರಿಸಿ ಹಂಚಿದರು. ನೆರೆಮನೆಯ ಮಹಿಳೆ ಅದರ ಪ್ರತಿಯನ್ನು ನನಗೆ ಇ-ಮೇಲಿನಲ್ಲಿ ಕಳುಹಿಸಿದರು. ತೆರೆದು ನೋಡಿದರೆ ಮೊದಲ ಪುಟದಲ್ಲಿ ಕವಚ ಧರಿಸಿದ ಒಬ್ಬ ನೈಟ್. ಅದೇ ಕುಲನಾಮದ, ಬೇರೆ ಕೌಂಟಿಯ, ನಾಲ್ಕು ಶತಮಾನ ಹಿಂದಿನ ಒಬ್ಬ ಸರದಾರ. ಅವನಿಗೂ ಇವರಿಗೂ ಸಂಬಂಧ ತೋರಿಸುವ ಒಂದು ಚೀಟಿಯೂ ಇಲ್ಲ. ನಮ್ಮ ಹೆಂಗಸೋ? ಇಲ್ಲವೇ ಇಲ್ಲ. ಅವಳ ಮಗುವನ್ನು ಅವಳ ಅಣ್ಣನ ಮಗನೆಂದು ಬರೆದು, ಅಣ್ಣನಿಗೆ ಇಲ್ಲದ ಮಗನನ್ನು ಕೊಟ್ಟು, ಇದ್ದ ತಾಯಿಯನ್ನು ಅಳಿಸಲಾಗಿತ್ತು. ಆಕ್ಷೇಪಿಸಿದ ಆ ಮಹಿಳೆಗೆ ದೊರೆತ ಉತ್ತರ: "ಮಕ್ಕಳು ಓದುವ ಪುಸ್ತಕ, ಅಂಥದ್ದೆಲ್ಲ ಯಾಕೆ?"

ಇದನ್ನು ನಾನು ಸುಳ್ಳು ಎನ್ನುತ್ತೇನೆ. ಸೌಮ್ಯವಾದ ಪದ ಹುಡುಕುವ ಇಚ್ಛೆ ನನಗಿಲ್ಲ. ನಮ್ಮಜ್ಜ ತುಪ್ಪ ತಿಂದಿದ್ದ, ನನ್ನ ಕೈ ಮೂಸಿ ನೋಡು ಎನ್ನುವ ಗಾದೆ ನಮ್ಮಲ್ಲಿದೆ. ಇಲ್ಲಿ ತುಪ್ಪ ತಿಂದವನು ಇವರ ಅಜ್ಜನೂ ಅಲ್ಲ! ಲೆಕ್ಕ ಹಾಕಿ ನೋಡಿ. ಒಬ್ಬ ಮನುಷ್ಯನಿಗೆ ಹತ್ತು ತಲೆಮಾರು ಹಿಂದೆ 1,024 ಪೂರ್ವಜರ ಸ್ಥಾನಗಳಿರುತ್ತವೆ. ಕುಲನಾಮದ ಹಾದಿಯಲ್ಲಿ ಸಿಗುವವನು ಅವರಲ್ಲಿ ಒಬ್ಬ. ಉಳಿದ 1,023 ಮಂದಿಯನ್ನು ಬಿಟ್ಟು ಆ ಒಬ್ಬನ ಹಿಂದೆ ಓಡುವುದನ್ನು, ಅವನೂ ಸಿಗದಿದ್ದರೆ ಕಲ್ಪಿಸಿಕೊಳ್ಳುವುದನ್ನು ಸಂಶೋಧನೆಯೆಂದು ಕರೆಯಲು ನನ್ನಿಂದಾಗದು. ಥಾಮಸ್ ಹಾರ್ಡಿಯ 1891ರ ಕಾದಂಬರಿ 'ಟೆಸ್' ಅನ್ನು ನಿಮ್ಮಲ್ಲಿ ಕೆಲವರು ಪದವಿ ತರಗತಿಯಲ್ಲಿ ಓದಿರಬಹುದು. ಹಳ್ಳಿಯ ದಾರಿಯಲ್ಲಿ ಹೋಗುತ್ತಿದ್ದ ಬಡವನೊಬ್ಬನಿಗೆ, ನೀನು ಹಳೆಯ ಸರದಾರರ ವಂಶದವನು ಎಂದು ಪುರಾತನ ಸಂಗತಿಗಳ ಹುಚ್ಚಿದ್ದ ಪಾದ್ರಿಯೊಬ್ಬ ಹೇಳುವುದರಿಂದಲೇ ಆ ಕುಟುಂಬದ ದುರಂತ ಆರಂಭವಾಗುತ್ತದೆ. ಮಗಳನ್ನು ನೆಂಟಸ್ತಿಕೆ ಹೇಳಿಕೊಳ್ಳಲು ಯಾರ ಮನೆಗೆ ಕಳುಹಿಸಿದರೋ ಆ ಶ್ರೀಮಂತರು ಆ ಹೆಸರನ್ನು ಪುಸ್ತಕದಿಂದ ಆರಿಸಿ ಇಟ್ಟುಕೊಂಡ ವ್ಯಾಪಾರಿಯ ವಂಶದವರು. ವಂಶದ ಹುಸಿ ಹೆಮ್ಮೆಗೆ ಬೆಲೆ ತೆತ್ತವಳು ಅಲ್ಲಿಯೂ ಒಬ್ಬ ಹೆಣ್ಣುಮಗಳೇ.

"ಸತ್ತವರ ಅವಮಾನವನ್ನು ಏಕೆ ಕೆದಕಬೇಕು?" ಎಂಬ ಪ್ರಶ್ನೆಗೆ ಉತ್ತರಿಸಬೇಕು, ಏಕೆಂದರೆ ಒಳ್ಳೆಯ ಮನಸ್ಸಿನವರೂ ಇದನ್ನು ಕೇಳುತ್ತಾರೆ. ನನ್ನ ಮರುಪ್ರಶ್ನೆ: ಅವಮಾನ ಯಾರದು? ಆ ಕಾಲದಲ್ಲಿ ದೀಕ್ಷಾಸ್ನಾನ ಪಡೆದ ಮಕ್ಕಳಲ್ಲಿ ಸುಮಾರು ನೂರಕ್ಕೆ ಐದು ಮಂದಿ ಹೀಗೆ ಹುಟ್ಟಿದವರೆಂದು ಪ್ಯಾರಿಷ್ ಪುಸ್ತಕಗಳನ್ನು ಎಣಿಸಿದ ವಿದ್ವಾಂಸರು ತೋರಿಸಿದ್ದಾರೆ. ತಂದೆಯಾರೆಂದು ಬಲವಂತವಾಗಿ ಕೇಳುವ ಪದ್ಧತಿ ಇದ್ದದ್ದು ಮಗುವಿನ ಖರ್ಚನ್ನು ಅವನಿಂದ ವಸೂಲು ಮಾಡಲು. ವಿವಾಹವಿಲ್ಲದೆ ಹುಟ್ಟಿದ ಮಗು ಸಾಮಾನ್ಯವಾಗಿ ಹುಟ್ಟಿದ ಪ್ಯಾರಿಷಿಗೆ ಸೇರಿದ್ದೆಂಬ ನಿಯಮವಿದ್ದುದರಿಂದ, ತುಂಬು ಗರ್ಭಿಣಿಯನ್ನು ಹೆರಿಗೆಗೆ ಮುನ್ನ ಗಡಿಯಾಚೆ ಸಾಗಿಸಿದ ಉದಾಹರಣೆಗಳಿವೆ. 1834ರ ಹೊಸ ಕಾನೂನಂತೂ ಅಂಥ ಮಗುವಿನ ಪೋಷಣೆಯ ಹೊಣೆಯನ್ನು ತಾಯಿಯ ತಲೆಗೇ ಕಟ್ಟಿತು. ಇಷ್ಟೆಲ್ಲದರ ನಡುವೆ ಮಗುವನ್ನು ಉಳಿಸಿ ಬೆಳೆಸಿದವಳು ನಾಚಬೇಕೆ? ಅಂದು ಪ್ಯಾರಿಷ್ ಅವಳ ಪಕ್ಕದಲ್ಲಿ ಒಂದು ಅಕ್ಷರ ಬರೆದು ಹೀನಾಯ ಮಾಡಿತು, ಹೆಸರನ್ನಂತೂ ಉಳಿಸಿತು. ಇಂದು ಅವಳ ಮರಿಮಕ್ಕಳ ಮರಿಮಕ್ಕಳು ಹೆಸರನ್ನೇ ಕಿತ್ತರು. ಇಬ್ಬರಲ್ಲಿ ಕ್ರೂರಿಗಳು ಯಾರು, ನೀವೇ ಹೇಳಿ.

ಹಾಗಾದರೆ ಸರಿಯಾದ ಮಾರ್ಗ ಯಾವುದು? ಶ್ರಾಪ್‌ಶೈರಿನಲ್ಲಿಯೇ ಅದಕ್ಕೆ ಮಾದರಿಯಿದೆ. ಮಿಡಲ್ ಎಂಬ ಪ್ಯಾರಿಷಿನಲ್ಲಿ ರಿಚರ್ಡ್ ಗಫ್ ಎಂಬ ರೈತ ಮನೆತನದ ವ್ಯಕ್ತಿ, ಅರವತ್ತೈದು ದಾಟಿದ ಮೇಲೆ, 1700ರಿಂದ 1702ರ ಸುಮಾರಿನಲ್ಲಿ, ತನ್ನ ಊರಿನ ಚರಿತ್ರೆ ಬರೆದ. ಅವನು ಅನುಸರಿಸಿದ ಕ್ರಮ ವಿಶಿಷ್ಟವಾದದ್ದು. ಚರ್ಚಿನಲ್ಲಿ ಯಾವ ಮನೆಯವರು ಯಾವ ಬೆಂಚಿನಲ್ಲಿ ಕೂರುತ್ತಿದ್ದರೋ ಆ ನಕ್ಷೆಯನ್ನು ಬರೆದು, ಬೆಂಚಿನಿಂದ ಬೆಂಚಿಗೆ ಸಾಗುತ್ತಾ ಒಂದೊಂದು ಮನೆತನದ ಕಥೆ ಹೇಳಿದ. ಮುಂದಿನ ಬೆಂಚಿನ ಜಮೀನುದಾರನಷ್ಟೇ ಗುಡಿಸಲಿನವನಿಗೂ ಅಲ್ಲಿ ಸ್ಥಾನವಿದೆ. ಕುಡಿದು ಮನೆ ಹಾಳುಮಾಡಿದವರು, ಕಳ್ಳರು, ಸಾಲದಲ್ಲಿ ಮುಳುಗಿದವರು, ಗಂಡನನ್ನು ಬಿಟ್ಟವರು ಯಾರನ್ನೂ ಅವನು ಬಿಡಲಿಲ್ಲ. ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧಕ್ಕೆ ತನ್ನ ಸುತ್ತಿನ ಮೂರು ಹಳ್ಳಿಗಳಿಂದ ಹೋದವರು ಇಪ್ಪತ್ತು ಮಂದಿ, ಅವರಲ್ಲಿ ಹದಿಮೂರು ಮಂದಿ ಸತ್ತರು ಎಂದು ಎಣಿಸಿ ಬರೆದ. ಯಾವ ಬಡವನನ್ನು ಯಾವ ಪ್ಯಾರಿಷ್ ಸಾಕಬೇಕೆಂದು ನೆರೆಯ ಊರುಗಳೊಡನೆ ನಡೆದ ವ್ಯಾಜ್ಯಗಳನ್ನೂ ಕೊನೆಯಲ್ಲಿ ಸೇರಿಸಿದ. ತರಗತಿಯಲ್ಲಿ ನಾನು ಮೂರು ದಶಕ ಹೇಳಿಕೊಟ್ಟ ಅದೇ ಅಂತರ್ಯುದ್ಧದ ಪಾಠದಲ್ಲಿ ರಾಜನ ಶಿರಚ್ಛೇದವಿತ್ತು. ಆ ಹದಿಮೂರು ಮಂದಿ ಇರಲಿಲ್ಲ.

ಗಫ್ ನಮಗೆ ಕಲಿಸುವುದೇನೆಂದರೆ, ಒಂದು ಕುಟುಂಬದ ಚರಿತ್ರೆಯನ್ನು ಅದರ ನೆರೆಹೊರೆಯಿಂದ ಕಿತ್ತು ಬರೆಯಲಾಗದು. ಪಕ್ಕದ ಬೆಂಚಿನವರು ಯಾರು, ಹೊಲ ಯಾರದು, ಕೂಲಿ ಎಷ್ಟು, ಬರಗಾಲದಲ್ಲಿ ಯಾರು ಸತ್ತರು ಎಂಬುದನ್ನು ತಿಳಿಯದೆ ಕೇವಲ ಹೆಸರು, ಇಸವಿಗಳ ಏಣಿ ಕಟ್ಟಿದರೆ ಅದು ಎಲ್ಲಿಗೂ ಹತ್ತಿಸುವುದಿಲ್ಲ. ಕೇಂಬ್ರಿಡ್ಜಿನ ಇ. ಎ. ರಿಗ್ಲಿ ಮತ್ತು ರೋಜರ್ ಸ್ಕೋಫೀಲ್ಡ್ 404 ಪ್ಯಾರಿಷುಗಳ ಪುಸ್ತಕಗಳಿಂದ ಇಂಗ್ಲೆಂಡಿನ ಜನಸಂಖ್ಯೆಯ ಚರಿತ್ರೆಯನ್ನು 1981ರಲ್ಲಿ ಪ್ರಕಟಿಸಿದರು. ಆ ಪುಸ್ತಕಗಳ ನಮೂದುಗಳನ್ನು ಕುಳಿತು ಎಣಿಸಿಕೊಟ್ಟವರು ಆಯಾ ಊರುಗಳ ಸ್ಥಳೀಯ ಉತ್ಸಾಹಿಗಳು. ತಮ್ಮ ವಂಶದವರನ್ನಷ್ಟೇ ಹುಡುಕದೆ ಊರಿನವರೆಲ್ಲರನ್ನೂ ಎಣಿಸಿದ ಈ ಜನರಿಂದ ಕಲಿಯೋಣ. ಇಂಗ್ಲಿಷರಲ್ಲಿ ಮೆಚ್ಚತಕ್ಕದ್ದು ನನಗೆ ಕಂಡದ್ದು ಇಲ್ಲಿ.

ಮೊಮ್ಮಗಳ ಜನನ ನೋಂದಣಿಗೆ ಅಲ್ಲಿ ನಲವತ್ತೆರಡು ದಿನಗಳ ಅವಧಿ. ಅಳಿಯನೂ ಮಗಳೂ ಹೋಗಿ ಪ್ರಮಾಣಪತ್ರ ತಂದರು. ಅದರಲ್ಲಿ ತಾಯಿಯ ಹೆಸರು, ಉದ್ಯೋಗ ಎರಡೂ ಇವೆ. ಆದರೆ ಅದೇ ದೇಶದ ವಿವಾಹ ಪ್ರಮಾಣಪತ್ರದಲ್ಲಿ 1837ರಿಂದ ವಧೂವರರ ತಂದೆಯರ ಹೆಸರಿಗಷ್ಟೇ ಅಂಕಣವಿತ್ತು. ತಾಯಂದಿರಿಗೆ ಜಾಗ ಸಿಕ್ಕಿದ್ದು 2021ರ ಮೇ ತಿಂಗಳಿನಲ್ಲಿ. ನೂರ ಎಂಬತ್ತು ವರ್ಷಗಳಿಗೂ ಮೀರಿ ಬೇಕಾಯಿತು! ಇದನ್ನು ಓದಿ ನಗಲು ಹೊರಟವಳು ನಾನು ಅರ್ಧಕ್ಕೇ ನಿಲ್ಲಿಸಿದೆ, ಏಕೆಂದರೆ ನಮ್ಮ ಮನೆಯ ಸಂಗತಿ ನೆನಪಾಯಿತು.

2009ರಲ್ಲಿ ನಮ್ಮ ದೊಡ್ಡಪ್ಪನವರ ಸಹಸ್ರ ಚಂದ್ರ ದರ್ಶನ ಶಾಂತಿಯಂದು ಹಂಚಿದ ವಂಶವೃಕ್ಷ ನಿಮ್ಮೆಲ್ಲರ ಮನೆಗಳಲ್ಲಿಯೂ ಇರಬೇಕು. ಏಳು ತಲೆಮಾರು, ಒಳ್ಳೆಯ ಕಾಗದ, ಕೆಂಪು ಅಂಚು. ಮೇಷ್ಟರೆಂದು ಅದರ ಕರಡಚ್ಚು ತಿದ್ದಲು ನನಗೇ ಕೊಟ್ಟಿದ್ದರು. ಒತ್ತಕ್ಷರಗಳನ್ನು ಸರಿಪಡಿಸಿದೆ, ಅಕಾರ ಹಕಾರಗಳನ್ನು ತಿದ್ದಿದೆ, ಬಹಳ ಚೆನ್ನಾಗಿದೆ ಎಂದು ಹೊಗಳಿಯೂ ಕೊಟ್ಟೆ. ಅದರಲ್ಲಿ ಮನೆಯ ಹೆಣ್ಣುಮಕ್ಕಳ ಹೆಸರು ಒಂದೂ ಇಲ್ಲ. ನನ್ನ ಹೆಸರೂ ಇಲ್ಲ. ಶ್ರಾಪ್‌ಶೈರಿನ ಆ ಅಡುಗೆಮನೆಯಲ್ಲಿ ಕುಳಿತುಕೊಳ್ಳುವವರೆಗೂ ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಆ ಪುಸ್ತಿಕೆಯ ಸಂಪಾದಕರನ್ನು ಇಷ್ಟು ಬೈದಿದ್ದೇನೆ. ನನ್ನನ್ನು ನಾನು ಬಿಟ್ಟರೆ ಅನ್ಯಾಯವಾದೀತು.

ನಮ್ಮ ತಾತನವರ ತಂಗಿಯೊಬ್ಬರು ಎಳವೆಯಲ್ಲಿಯೇ ವಿಧವೆಯಾಗಿ ತವರಿಗೆ ಮರಳಿ, ನಮ್ಮ ತಂದೆಯವರನ್ನೂ ದೊಡ್ಡಪ್ಪನವರನ್ನೂ ಎತ್ತಿ ಆಡಿಸಿ, ಐವತ್ತು ವರ್ಷ ಆ ಮನೆಯ ಒಲೆಯ ಮುಂದೆ ಕಳೆದರು. ನನಗೆ ಮಗ್ಗಿ ಬಾಯಿಪಾಠ ಮಾಡಿಸಿದವರು ಅವರು. ವಂಶವೃಕ್ಷದಲ್ಲಿ ಅವರಿಲ್ಲ. ಹೊಸದಾಗಿ ವಂಶವೃಕ್ಷ ಬರೆಯಲು ಆರಂಭಿಸಿದ್ದೇನೆ. ಹೆಣ್ಣುಮಕ್ಕಳು, ಅವರ ಮಕ್ಕಳು, ಊರು ಬಿಟ್ಟು ಹೋದವರು, ಮನೆಯವರು ಮಾತು ಬಿಟ್ಟವರು, ಎಲ್ಲರೂ ಇರುತ್ತಾರೆ. ಅವರ ಜಾಗಕ್ಕೆ ಬಂದಾಗ ಮಾತ್ರ ಲೇಖನಿ ನಿಂತಿದೆ. ನಾವು ಮಕ್ಕಳೆಲ್ಲ ಅವರನ್ನು ಅತ್ತಜ್ಜಿ ಎನ್ನುತ್ತಿದ್ದೆವು. ಅವರ ಹೆಸರೇನೆಂದು ನಾನು ಒಮ್ಮೆಯೂ ಕೇಳಲಿಲ್ಲ. ಬಂಧುಗಳಲ್ಲಿ ಯಾರಿಗಾದರೂ ತಿಳಿದಿದ್ದರೆ, ಅಥವಾ ನಿಮ್ಮ ಮನೆಯ ಹಿರಿಯರನ್ನು ಕೇಳಿ ತಿಳಿಯಬಹುದಾದರೆ, ದಯವಿಟ್ಟು ಬೇಗ ತಿಳಿಸಿ. ಅವರನ್ನು ಕಂಡವರು ಈಗ ಕೆಲವರೇ ಉಳಿದಿದ್ದೇವೆ.